ಕಟ್ಟಡವೇ ವಸ್ತುವಾದ ಕಲಾಕೃತಿಯನ್ನು ನೋಡುವುದು ಹೇಗೆ?

ಕಳೆದ ಎರಡು ದಶಕಗಳಿಂದ ಗ್ಯಾಲರಿಗಳಲ್ಲಿಯೂ ಬಿನಾಲೆಗಳಲ್ಲಿಯೂ (ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನಗಳಲ್ಲಿ) ಒಂದು ಬಗೆಯ ಕಲಾಕೃತಿಗಳು ಹೆಚ್ಚಾಗಿ ಕಾಣಸಿಗುತ್ತಿವೆ. ಸರ್ಕಾರಿ ಕಚೇರಿಯ ಹಳೆಯ ಕುರ್ಚಿಗಳು ಎಲ್ಲಿಂದ ಎಲ್ಲಿಗೆ ಹೋದವು ಎಂಬುದನ್ನು ಮಾತಿಲ್ಲದೆ ತೋರಿಸುವ ಚಲನಚಿತ್ರ, ಬೇಯಿಸಿದ ಧಾನ್ಯದಿಂದ ಕಟ್ಟಿದ ಊರಿನ ಮಾದರಿ, ದೆಹಲಿಯ ಕಾಂಕ್ರೀಟ್ ಕಟ್ಟಡವೊಂದರ ಗಾಢ ನೀಲಿ ಮುದ್ರಣಗಳು ಇಂಥವು. ವಸಾಹತು ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದೇಶಗಳು, ಅಥವಾ ಬಿಡುಗಡೆಯ ಹೊಸ್ತಿಲಲ್ಲಿದ್ದ ದೇಶಗಳು, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕಂಡ ಆಧುನಿಕತಾವಾದಿ ವಾಸ್ತುಶಿಲ್ಪವೇ, ಅಂದರೆ ಅಲಂಕಾರವನ್ನು ಬಿಟ್ಟು ಸರಳ ಆಕಾರ ಮತ್ತು ಕಾಂಕ್ರೀಟನ್ನು ನೆಚ್ಚಿದ ಕಟ್ಟಡ ಕಲೆಯೇ, ಇವುಗಳ ವಸ್ತು. ಇಂತಹ ಕೃತಿಯ ಮುಂದೆ ನಿಂತವರು ಸಾಮಾನ್ಯವಾಗಿ ಗೋಡೆಯ ಮೇಲಿನ ವಿವರಣೆಯನ್ನು ಅರ್ಧ ಓದಿ, ಅದರ ಭಾರಕ್ಕೆ ಬೇಸತ್ತು, ಮುಂದಿನ ಕೋಣೆಗೆ ನಡೆದುಬಿಡುತ್ತಾರೆ. ಅವರನ್ನು ದೂರುವಂತಿಲ್ಲ, ಏಕೆಂದರೆ ಕೃತಿಯನ್ನು ನೋಡುವ ಮೊದಲು ಕಟ್ಟಡದ ಕಥೆ ತಿಳಿದಿರಬೇಕು ಎಂಬುದನ್ನು ಆ ಫಲಕಗಳು ಹೇಳುವುದೇ ಇಲ್ಲ. ಕಟ್ಟಡವನ್ನು ಯಾರು ಕಟ್ಟಿಸಿದರು, ಯಾರು ಕಟ್ಟಿದರು, ಈಗ ಅದು ಯಾರ ವಶದಲ್ಲಿದೆ ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟರೆ ಕೃತಿ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಈ ಬರಹದ ನಂಬಿಕೆ. ಉದಾಹರಣೆಗೆ ಚಂಡೀಗಢವನ್ನು ಹೆಚ್ಚಾಗಿ ಬಳಸಿಕೊಂಡಿದ್ದೇನೆ. ನಮ್ಮ ದೇಶದಲ್ಲಿ ಇಷ್ಟೊಂದು ಕಲಾವಿದರನ್ನು ಸೆಳೆದ ಆಧುನಿಕ ನಗರ ಬೇರೊಂದಿಲ್ಲ.

ಮೊದಲು ಕಟ್ಟಡದ ಜಾತಕ

ಪ್ರದರ್ಶನಕ್ಕೆ ಹೋಗುವ ಮುನ್ನ, ಅದಾಗದಿದ್ದರೆ ನೋಡಿ ಬಂದ ಮೇಲಾದರೂ, ಕೃತಿಯಲ್ಲಿ ಬರುವ ಕಟ್ಟಡದ ಹುಟ್ಟನ್ನು ಹುಡುಕಬೇಕು. ವಾಸ್ತುಶಿಲ್ಪಿಯ ಹೆಸರು ಸುಲಭವಾಗಿ ಸಿಗುತ್ತದೆ, ಆದರೆ ಅಲ್ಲಿಗೇ ನಿಲ್ಲಬಾರದು. ಚಂಡೀಗಢವೆಂದರೆ ಫ್ರಾನ್ಸಿನ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಎಂದು ಎಲ್ಲರೂ ಹೇಳುತ್ತಾರೆ. ಆ ನಗರದ ಅಗತ್ಯ ಹುಟ್ಟಿದ್ದು ದೇಶವಿಭಜನೆಯಿಂದ: ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನದ ಪಾಲಾದಾಗ ಭಾರತಕ್ಕೆ ಉಳಿದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು, ಮತ್ತು ಗತಕಾಲದ ಹಂಗಿಲ್ಲದ ನಗರವೊಂದು ಸ್ವತಂತ್ರ ದೇಶದ ಆತ್ಮವಿಶ್ವಾಸದ ಗುರುತಾಗಬೇಕೆಂದು ನೆಹರೂ ಬಯಸಿದರು. ಮೊದಲು ಯೋಜನೆ ರೂಪಿಸಿದವರು ಅಮೆರಿಕದ ಆಲ್ಬರ್ಟ್ ಮೇಯರ್. ಅವರ ಜೊತೆಗಾರರಾಗಿದ್ದ, ಪೋಲೆಂಡ್ ಮೂಲದ ಮ್ಯಾಥ್ಯೂ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1951ರಲ್ಲಿ ಲೆ ಕಾರ್ಬೂಸಿಯೆ ಬಂದರು. ಹೈಕೋರ್ಟು, ಸಚಿವಾಲಯ, ವಿಧಾನಸಭೆಗಳಿರುವ ಕ್ಯಾಪಿಟಲ್ ಸಂಕೀರ್ಣ ಅವರದು. ಜನ ವಾಸಿಸುವ ಮನೆಗಳು, ಶಾಲೆಗಳು, ಮೇಜು ಕುರ್ಚಿಗಳೆಲ್ಲ ಬಹುಮಟ್ಟಿಗೆ ಅವರ ಸೋದರಸಂಬಂಧಿ ಪಿಯೆರ್ ಜೆನರೆ, ಬ್ರಿಟನ್ನಿನ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ದಂಪತಿ, ಇವರೊಂದಿಗೆ ಊರ್ಮಿಳಾ ಯೂಲಿ ಚೌಧರಿ, ಎಂ. ಎನ್. ಶರ್ಮಾ, ಆದಿತ್ಯ ಪ್ರಕಾಶ್ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳ ಕೈಯಿಂದ ಬಂದವು. ನಗರ ಏಳಲೆಂದು ನೆಲದಿಂದ ಎದ್ದುಹೋದ ಹಳ್ಳಿಗಳ ಹೆಸರುಗಳೂ ಇದೇ ಜಾತಕದಲ್ಲಿ ಸೇರಬೇಕು. ಕೃತಿಯೊಂದು ಯಾರನ್ನು ಎತ್ತಿ ತೋರಿಸುತ್ತದೆ, ಯಾರನ್ನು ಕೈಬಿಡುತ್ತದೆ ಎಂದು ಅಳೆಯಲು ಈ ಪಟ್ಟಿ ಇಲ್ಲದೆ ಸಾಧ್ಯವಿಲ್ಲ.

ಜಾತಕ ಕೈಗೆ ಬಂದ ಮೇಲೆ ಎರಡು ಸಿದ್ಧ ತೀರ್ಪುಗಳು ಬಾಗಿಲಲ್ಲೇ ಕಾದಿರುತ್ತವೆ. ಬಿಳಿಯರು ಬಂದು ಹೇರಿದ ವಾಸ್ತುಶಿಲ್ಪ ಇದು ಎಂಬುದು ಒಂದು, ಹೊಸ ದೇಶದ ಭವ್ಯ ಕನಸು ಇದು ಎಂಬುದು ಇನ್ನೊಂದು. ಎರಡನ್ನೂ ಸ್ವಲ್ಪ ಹೊತ್ತು ಹೊರಗೇ ನಿಲ್ಲಿಸುವುದು ಒಳ್ಳೆಯದು. ಆಧುನಿಕ ಶೈಲಿ ಆಗ ಅನಿವಾರ್ಯವಾಗಿರಲಿಲ್ಲ. ಬೇರೆ ದಾರಿಗಳಿದ್ದವು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಚಂಡೀಗಢದಲ್ಲಿ ಹೈಕೋರ್ಟಿನ ಕಾಂಕ್ರೀಟ್ ಕಮಾನುಗಳು ಎದ್ದ ಅದೇ ವರ್ಷಗಳಲ್ಲಿ, ಬ್ರಿಟಿಷರ ಕಾಲದ ಕೆಂಪು ಅಠಾರ ಕಚೇರಿಗೆ ಎದುರಾಗಿ, ಕೆಂಗಲ್ ಹನುಮಂತಯ್ಯನವರ ಹಟದಿಂದ ವಿಧಾನಸೌಧ ಎದ್ದಿತು. 1956ರಲ್ಲಿ ಮುಗಿದ ಆ ಕಟ್ಟಡ ಗತಕಾಲದ ಹಂಗನ್ನು ಹರಿದುಕೊಳ್ಳಲಿಲ್ಲ. ದ್ರಾವಿಡ ಕಂಬಗಳನ್ನೂ ಗೋಪುರವನ್ನೂ ಬೆಣಚುಕಲ್ಲಿನಲ್ಲಿ ಮತ್ತೆ ಕಡೆದು ನಿಲ್ಲಿಸಿತು. ಎರಡೂ ವಸಾಹತು ಆಳ್ವಿಕೆಗೆ ಕೊಟ್ಟ ಉತ್ತರಗಳೇ. ಆದ್ದರಿಂದ ಕಾಂಕ್ರೀಟನ್ನು ಆರಿಸಿಕೊಂಡದ್ದು ಒಂದು ರಾಜಕೀಯ ನಿರ್ಧಾರವಾಗಿತ್ತು, ಮತ್ತು ಕಲಾವಿದರು ಕೆದಕುವುದು ಬಹುತೇಕ ಈ ನಿರ್ಧಾರದ ಮುಂದಿನ ಬಾಳನ್ನು.

ಕೃತಿ ಯಾವುದರಿಂದ ಆಗಿದೆ?

ಗ್ಯಾಲರಿಗೆ ಕಾಲಿಟ್ಟ ಮೇಲೆ ಫಲಕದ ದೀರ್ಘ ವಿವರಣೆಯನ್ನು ಬಿಟ್ಟು, ಅದರ ತುದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಸಾಮಗ್ರಿಯ ಸಾಲನ್ನು ಮೊದಲು ಓದಬೇಕು. ಅಲ್ಜೀರಿಯಾ ಮೂಲದ ಫ್ರೆಂಚ್ ಕಲಾವಿದ ಕಾದರ್ ಅತಿಯಾ 2009ರಲ್ಲಿ ಮಾಡಿದ ಒಂದು ಕೃತಿಯಲ್ಲಿ ಆ ಸಾಲು ಕುಸ್ಕುಸ್ ಎನ್ನುತ್ತದೆ. ಗೋಧಿ ರವೆಯಿಂದ ಮಾಡುವ, ಉತ್ತರ ಆಫ್ರಿಕಾದ ಮನೆಮನೆಯ ಊಟ ಅದು. ಸಹಾರಾ ಅಂಚಿನ ಮ್ಜಾಬ್ ಕಣಿವೆಯಲ್ಲಿರುವ ಗರ್ದಾಯಾ ಎಂಬ ಹಳೆಯ ಊರಿನ ಮಾದರಿಯನ್ನು ಅವರು ಬೇಯಿಸಿದ ಕುಸ್ಕುಸ್‌ನಿಂದ ಕಟ್ಟಿ, ಪಕ್ಕದ ಗೋಡೆಯ ಮೇಲೆ ಲೆ ಕಾರ್ಬೂಸಿಯೆ ಮತ್ತು ಫೆರ್ನಾ ಪುಯೋ ಎಂಬ ಇಬ್ಬರು ವಾಸ್ತುಶಿಲ್ಪಿಗಳ ಭಾವಚಿತ್ರಗಳನ್ನು ತೂಗುಹಾಕಿದರು. ಅವುಗಳ ಜೊತೆಗೆ ಆ ಕಣಿವೆಗೆ ಯುನೆಸ್ಕೊ ಕೊಟ್ಟ ವಿಶ್ವ ಪರಂಪರೆಯ ಮನ್ನಣೆಯ ದಾಖಲೆಯ ಪ್ರತಿಯೂ ಇದೆ. ಮಾದರಿಯ ಹತ್ತಿರ ಬಾಗಿ ನೋಡಿದರೆ ಚೌಕ ಮನೆಗಳ ಅಂಚುಗಳು ಒಣಗಿ ಬಿರಿದಿರುತ್ತವೆ, ತಾರಸಿಯ ಮೂಲೆಯೊಂದು ಉದುರಿ ಕಾಳುಗಳು ಬುಡದಲ್ಲಿ ಚೆಲ್ಲಿರುತ್ತವೆ. ಪ್ರದರ್ಶನದ ದಿನಗಳು ಕಳೆದಂತೆ ಊರು ಕುಸಿಯುತ್ತ ಹೋಗುತ್ತದೆ.

ಈಗ ಜಾತಕವನ್ನು ನೆನಪಿಗೆ ತಂದುಕೊಳ್ಳಿ. ಲೆ ಕಾರ್ಬೂಸಿಯೆ ಈ ಕಣಿವೆಗೆ ಹೋದದ್ದು 1931ರಲ್ಲಿ, ಅಲ್ಜೀರಿಯಾ ಇನ್ನೂ ಫ್ರೆಂಚರ ಹಿಡಿತದಲ್ಲಿದ್ದಾಗ. ಅಲಂಕಾರವಿಲ್ಲದ ಬಿಳಿ ಗೋಡೆ, ಸರಳ ಘನಾಕಾರ, ಚಪ್ಪಟೆ ತಾರಸಿಗಳನ್ನು ಅಲ್ಲಿ ಅವರು ಮೆಚ್ಚಿ ನೋಡಿದರು, ಚಿತ್ರ ಬರೆದುಕೊಂಡರು. ಯುರೋಪು ಜಗತ್ತಿಗೆ ಕೊಟ್ಟಿತೆನ್ನುವ ಆಧುನಿಕತೆಯ ಸಾಲದ ಖಾತೆಯಲ್ಲಿ ಮರುಭೂಮಿಯ ಈ ಊರಿನ ಹೆಸರೂ ಇದೆ ಎಂದು ಕೃತಿ ಹೇಳುತ್ತದೆ, ಅದೂ ತಿಂದು ಮುಗಿಸಬಹುದಾದ ಸಾಮಗ್ರಿಯಲ್ಲಿ. ಊರನ್ನು ಜಿಪ್ಸಮ್ಮಿನಲ್ಲೋ ಮರದಲ್ಲೋ ಮಾಡಿದ್ದರೆ ಇದೇ ಮಾತು ಪಾಠದಂತೆ ಒಣಗಿಹೋಗುತ್ತಿತ್ತು. ಸಾಮಗ್ರಿಯನ್ನು ಬದಲಿಸಿದರೆ ಕೃತಿಯ ಅರ್ಥ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳುವುದು ಎಲ್ಲ ಕೃತಿಗಳ ಮುಂದೆಯೂ ಉಪಯುಕ್ತ. ಬದಲಾಗುವುದಿಲ್ಲವೆಂದರೆ ಕಲಾವಿದರು ಸಂಶೋಧನೆಯನ್ನು ಮಾಡಿ ಕಲೆಯನ್ನು ಮರೆತಿದ್ದಾರೆ ಎಂದೇ ನಾನು ತಿಳಿಯುತ್ತೇನೆ; ಅಂಥವೂ ಕಡಿಮೆಯೇನಿಲ್ಲ.

ಕಲಾವಿದೆ ಸೆಹರ್ ಷಾ ಮತ್ತು ಛಾಯಾಗ್ರಾಹಕ ರಣಧೀರ್ ಸಿಂಗ್ ಜೊತೆಯಾಗಿ ಮಾಡಿದ ಸಯನೋಟೈಪ್ ಸರಣಿಗೂ ಇದೇ ಪರೀಕ್ಷೆಯನ್ನು ಒಡ್ಡಬಹುದು. ಕಬ್ಬಿಣದ ಲವಣಗಳನ್ನು ಬಳಿದ ಕಾಗದಕ್ಕೆ ಬಿಸಿಲು ತಾಗಿಸಿ, ನೀರಿನಲ್ಲಿ ತೊಳೆದಾಗ ಗಾಢ ನೀಲಿ ಬಣ್ಣ ನಿಲ್ಲುವ ಈ ವಿಧಾನವನ್ನು ಜಾನ್ ಹರ್ಷಲ್ 1842ರಲ್ಲಿ ಕಂಡುಹಿಡಿದರು. ಮುಂದೆ ಕಟ್ಟಡದ ನಕ್ಷೆಗಳ ಪ್ರತಿ ತೆಗೆಯಲು ಎಲ್ಲೆಡೆ ಬಳಕೆಯಾದದ್ದು ಇದೇ. ದೆಹಲಿಯಲ್ಲಿ ಶಿವನಾಥ್ ಪ್ರಸಾದ್ ವಿನ್ಯಾಸ ಮಾಡಿದ ಅಕ್ಬರ್ ಭವನ, ಲಂಡನ್ನಿನ ಬಾರ್ಬಿಕನ್ ವಸತಿ ಸಂಕೀರ್ಣ, ಟೋಕಿಯೊದಲ್ಲಿ ಕೆಂಜೊ ಟಾಂಗೆ ಕಟ್ಟಿದ ಕಚೇರಿ ಮೊದಲಾದವುಗಳ ತುಂಡು ನೋಟಗಳು ಸರಣಿಯಲ್ಲಿವೆ. ಕಟ್ಟಿ ಮುಗಿದು ದಶಕಗಳಾದ ಕಟ್ಟಡಗಳನ್ನು ಇನ್ನೂ ಕಟ್ಟಬೇಕಾದ ನಕ್ಷೆಯ ಬಣ್ಣಕ್ಕೆ ಮರಳಿಸಿದ್ದರಿಂದ ಸಾಮಗ್ರಿ ಇಲ್ಲಿ ಕೆಲಸ ಮಾಡುತ್ತದೆ. ದೆಹಲಿ, ಲಂಡನ್, ಟೋಕಿಯೊಗಳು ಒಂದೇ ನೀಲಿಯಲ್ಲಿ ಕರಗಿದಾಗ ವಸಾಹತಿನ ಒಡೆಯ ಯಾರು, ವಸಾಹತು ಯಾವುದು ಎಂಬ ವ್ಯತ್ಯಾಸವೂ ಕರಗುತ್ತದಲ್ಲ ಎಂಬ ಆಕ್ಷೇಪಕ್ಕೆ ಸರಣಿ ಉತ್ತರ ಕೊಡುವುದಿಲ್ಲ. ಅಂತಹ ಆಕ್ಷೇಪ ಹೊಳೆದರೆ ಬರೆದಿಟ್ಟುಕೊಳ್ಳಬೇಕು.

ಚಲನಚಿತ್ರವಾದರೆ ಕುಳಿತು ನೋಡಬೇಕು

ಈ ಬಗೆಯ ಕೃತಿಗಳಲ್ಲಿ ಬಹಳಷ್ಟು ಚಲನಚಿತ್ರಗಳೇ. ಕತ್ತಲ ಕೋಣೆಗೆ ನಡುವಿನಲ್ಲಿ ನುಗ್ಗಿ ಐದು ನಿಮಿಷಕ್ಕೆ ಎದ್ದು ಬರುವುದರಿಂದ ಏನೂ ಸಿಗದು. ಒಳಗೆ ಹೋಗುವ ಮುನ್ನ ಚಿತ್ರದ ಅವಧಿ ಎಷ್ಟು, ಅದು ಮತ್ತೆ ಮೊದಲಿನಿಂದ ಆರಂಭವಾಗುವುದು ಯಾವಾಗ ಎಂದು ಸಿಬ್ಬಂದಿಯನ್ನು ಕೇಳಿ, ಆರಂಭಕ್ಕೆ ಹೋಗಿ ಕುಳಿತುಕೊಳ್ಳಬೇಕು. ದೃಶ್ಯಗಳ ಅನುಕ್ರಮವೇ ವಾದವಾಗಿರುವ ಚಿತ್ರಗಳಲ್ಲಿ ಇದು ಅತ್ಯಗತ್ಯ.

ಅಮೆರಿಕದ ಕಲಾವಿದೆ ಏಮಿ ಸೀಗಲ್ ಅವರ ‘ಪ್ರಾವನೆನ್ಸ್’ (ವಸ್ತುವೊಂದು ಯಾರ ಯಾರ ಕೈ ದಾಟಿ ಬಂದಿತೆಂಬ ದಾಖಲೆಗೆ ಇರುವ ಹೆಸರು) ಇದಕ್ಕೆ ಅತ್ಯುತ್ತಮ ನಿದರ್ಶನ. 2013ರ ಈ ಚಿತ್ರ ಸುಮಾರು 40 ನಿಮಿಷಗಳದ್ದು. ಹಿನ್ನೆಲೆ ನಿರೂಪಣೆಯಿಲ್ಲ, ಸಂದರ್ಶನವಿಲ್ಲ. ಜೆನರೆ ಮತ್ತು ಅವರ ಸಹೋದ್ಯೋಗಿಗಳು ಚಂಡೀಗಢದ ಕಚೇರಿಗಳಿಗೆಂದು ರೂಪಿಸಿದ ತೇಗದ ಕುರ್ಚಿಗಳು, ಬೆತ್ತದ ಹೆಣಿಗೆ, ತಲೆಕೆಳಗಾದ ವಿ ಆಕಾರದ ಕಾಲುಗಳು: ಇವೇ ಅದರ ಪಾತ್ರಗಳು. ಚಿತ್ರ ಆರಂಭವಾಗುವುದು ಯುರೋಪು ಮತ್ತು ಅಮೆರಿಕದ ಸಂಗ್ರಾಹಕರ ಅಚ್ಚುಕಟ್ಟಾದ ಮನೆಗಳಲ್ಲಿ. ಅಲ್ಲಿಂದ ಹಿಂದೆ ಸರಿಯುತ್ತ ಹರಾಜು ಕೋಣೆ, ಕ್ಯಾಟಲಾಗಿಗೆ ಫೋಟೋ ತೆಗೆಯುವ ಸ್ಟುಡಿಯೊ, ಬೆತ್ತವನ್ನೂ ಬಟ್ಟೆಯನ್ನೂ ಹೊಸದಾಗಿ ಕೂರಿಸುವ ದುರಸ್ತಿಯ ಕಾರ್ಯಾಗಾರ, ಹಡಗಿನ ಕಂಟೇನರುಗಳನ್ನು ದಾಟಿ ಕೊನೆಗೆ ಚಂಡೀಗಢಕ್ಕೆ ಬರುತ್ತದೆ. ಅಲ್ಲಿ ಅದೇ ಕುರ್ಚಿಯ ಮೇಲೆ ಗುಮಾಸ್ತರು ಕುಳಿತು ಕೆಲಸ ಮಾಡುತ್ತಿರುತ್ತಾರೆ. ಕೈ ಕಾಲು ಮುರಿದವು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಕಾಲಕ್ರಮದಲ್ಲಿ ಚಂಡೀಗಢದಿಂದ ಆರಂಭಿಸಿದ್ದರೆ ಇದು ಗುಜರಿಯಿಂದ ಅರಮನೆಗೆ ಏರಿದ ವಸ್ತುವಿನ ಯಶೋಗಾಥೆಯಾಗುತ್ತಿತ್ತು. ತಿರುವುಮುರುವಾದ ಕ್ರಮದಿಂದ ನೋಡುಗರು ಮೊದಲು ಕುರ್ಚಿಯ ಸೊಗಸಿಗೆ ಮರುಳಾಗುತ್ತಾರೆ, ಆಮೇಲೆ ಆ ಮರುಳಿಗೆ ತೆತ್ತ ಬೆಲೆ ಯಾವುದೆಂದು ಕಾಣುತ್ತಾರೆ.

ನೋಡುವಾಗ ಎರಡು ವಿವರಗಳ ಮೇಲೆ ಕಣ್ಣಿಡಿ. ಪ್ರತಿ ನಿಲ್ದಾಣದಲ್ಲಿಯೂ ಕುರ್ಚಿಯನ್ನು ಯಾರು ಮುಟ್ಟುತ್ತಾರೆ, ಹೇಗೆ ಮುಟ್ಟುತ್ತಾರೆ ಎಂಬುದು ಒಂದು. ಚಂಡೀಗಢದ ಕುರ್ಚಿಗಳ ಮರದ ಮೇಲೆ ಬಣ್ಣದಲ್ಲಿ ಬರೆದಿರುತ್ತಿದ್ದ ಇಲಾಖೆಯ ಹೆಸರು ಮತ್ತು ಸಂಖ್ಯೆಗಳು ಇನ್ನೊಂದು. ಸಾಮಾನುಗಳ ಲೆಕ್ಕ ತಪ್ಪದಿರಲೆಂದು ಸರ್ಕಾರಿ ಉಗ್ರಾಣದವರು ಬರೆದ ಆ ಒರಟು ಅಕ್ಷರಗಳೇ ಇಂದು ಹರಾಜಿನಲ್ಲಿ ಅಸಲಿತನದ ಪುರಾವೆಯಾಗಿ ಬೆಲೆ ಏರಿಸುತ್ತವೆ. ಹಳೆಯ ಸಾಮಾನೆಂದು ಕಚೇರಿಗಳು ಇವುಗಳನ್ನು ಅಗ್ಗಕ್ಕೆ ವಿಲೇವಾರಿ ಮಾಡುತ್ತಿದ್ದಾಗ ವಿದೇಶಿ ವ್ಯಾಪಾರಿಗಳು ಕೊಂಡರು. ಆ ಖರೀದಿಯಲ್ಲಿ ಕಳ್ಳತನವಿರಲಿಲ್ಲ ಎಂಬುದೇ ಇಲ್ಲಿನ ತೊಡಕು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪೀಠೋಪಕರಣಗಳ ಮಾರಾಟವನ್ನು ತಡೆಯುವ ಆದೇಶ ಹೊರಡಿಸುವ ಹೊತ್ತಿಗೆ ಬಹಳಷ್ಟು ಹೊರಟುಹೋಗಿದ್ದವು.

ಸೀಗಲ್ ಇಲ್ಲಿಗೆ ನಿಲ್ಲಿಸಲಿಲ್ಲ. 2013ರ ಅಕ್ಟೋಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ತಮ್ಮ ಚಿತ್ರವನ್ನೇ ಹರಾಜಿಗಿಟ್ಟು, ಆ ಹರಾಜನ್ನು ಚಿತ್ರೀಕರಿಸಿ ‘ಲಾಟ್ 248’ ಎಂಬ ಎರಡನೆಯ ಚಿತ್ರ ಮಾಡಿದರು. ವ್ಯಾಪಾರವನ್ನು ಪ್ರಶ್ನಿಸುವ ಕೃತಿಯೂ ವ್ಯಾಪಾರದ ಸರಕೇ ಎಂದು ಬೇರೆಯವರು ಹೇಳುವ ಮುನ್ನ ತಾವೇ ಒಪ್ಪಿಕೊಂಡಂತೆ. ಕೆಲವರಿಗೆ ಇದು ಜಾಣತನದ ಆಟವೆನಿಸಿದೆ. ಪ್ರಾಮಾಣಿಕತೆಯ ಪಾಲೇ ಹೆಚ್ಚೆಂದು ನನಗೆ ತೋರುತ್ತದೆ. ಏನೇ ಇರಲಿ, ಯಾವ ಕೃತಿಯನ್ನು ನೋಡುವಾಗಲೂ ಅದು ಯಾರ ಸಂಗ್ರಹದ್ದು, ಪ್ರದರ್ಶನಕ್ಕೆ ಹಣ ಯಾರದು ಎಂಬ ಫಲಕದ ಕೊನೆಯ ಸಾಲುಗಳನ್ನು ಓದದೆ ಬಿಡಬಾರದು. ಮೊಜಾಂಬಿಕ್‌ನಲ್ಲಿ ಹುಟ್ಟಿದ ಕಲಾವಿದೆ ಆಂಜೆಲಾ ಫೆರೇರಾ 2007ರ ವೆನಿಸ್ ಬಿನಾಲೆಯ ಪೋರ್ಚುಗಲ್ ಮಂಟಪದಲ್ಲಿ ಇಂಥದ್ದೇ ಪಯಣವನ್ನು ಚಲನಚಿತ್ರವಿಲ್ಲದೆ ಹೇಳಿದ್ದರು. ಫ್ರಾನ್ಸಿನ ವಿನ್ಯಾಸಕಾರ ಜಾನ್ ಪ್ರುವೆ ಆಫ್ರಿಕಾದ ಫ್ರೆಂಚ್ ವಸಾಹತುಗಳಿಗೆಂದು ರೂಪಿಸಿದ ಲೋಹದ ಮನೆಗಳು 1949ರಿಂದ 1951ರ ನಡುವೆ ನಿಯಾಮೆ ಮತ್ತು ಬ್ರಾಜ಼ವಿಲ್ ನಗರಗಳಿಗೆ ಹೋಗಿದ್ದವು; ಅರ್ಧ ಶತಮಾನದ ಮೇಲೆ ಅವುಗಳನ್ನು ಬಿಚ್ಚಿ ಹಿಂದಕ್ಕೆ ಸಾಗಿಸಲಾಯಿತು, 2007ರಲ್ಲಿ ಒಂದು ಮನೆ ನ್ಯೂಯಾರ್ಕಿನಲ್ಲಿ ಸುಮಾರು 50 ಲಕ್ಷ ಡಾಲರಿಗೆ ಹರಾಜಾಯಿತು. ಫೆರೇರಾ ತೋರಿಸಿದ್ದು ಮನೆಯ ಬಿಡಿಭಾಗಗಳನ್ನು ಸಾಗಣೆಗೆ ಜೋಡಿಸಿಟ್ಟಂತಿದ್ದ ಒಂದು ಉದ್ದನೆಯ ಓಣಿಯನ್ನು, ಮತ್ತು ಮನೆಗಳಿದ್ದ ಖಾಲಿ ಜಾಗದ ಛಾಯಾಚಿತ್ರಗಳನ್ನು.

ಬಾಂಡ್ಲಿ ಹೊತ್ತವರು ಎಲ್ಲಿ?

ನೆಲದಿಂದ ಎದ್ದುಹೋದವರು, ಕಾಂಕ್ರೀಟ್ ಹೊತ್ತವರು ಕೃತಿಯಲ್ಲಿ ಇದ್ದಾರೆಯೇ ಎಂದು ಹುಡುಕುವುದು ಮುಂದಿನ ಹಂತ, ಮತ್ತು ಹೆಚ್ಚಿನ ಕೃತಿಗಳು ಸೋಲುವುದು ಇಲ್ಲಿಯೇ. ನಯವಾದ ಪಾಶ್ಚಾತ್ಯ ಕಾಂಕ್ರೀಟಿನಂತಲ್ಲದೆ ಚಂಡೀಗಢದ ಗೋಡೆಗಳ ಮೇಲೆ ಸೆಂಟ್ರಿಂಗ್ ಹಲಗೆಯ ಗೆರೆಗಳು, ಒಂದು ದಿನದ ಕೆಲಸ ನಿಂತು ಮರುದಿನದ್ದು ಆರಂಭವಾದ ಅಡ್ಡ ಗೀಟುಗಳು ಎದ್ದು ಕಾಣುತ್ತವೆ. ಗಂಡಸರೂ ಹೆಂಗಸರೂ ತಲೆಯ ಮೇಲೆ ಬಾಂಡ್ಲಿ ಹೊತ್ತು ಏಣಿ, ಅಟ್ಟಣಿಗೆಗಳನ್ನು ಹತ್ತಿ ಸುರಿದ ಕಾಂಕ್ರೀಟ್ ಅದು. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಕಥೆಯೂ ಇಂಥದ್ದೇ: ಒಳಗೆ ಒಂದೂ ಕಂಬವಿಲ್ಲದ ಆ ಜಾಲರಿಯ ರಚನೆಯನ್ನು ಬೇರೆ ದೇಶಗಳಲ್ಲಾಗಿದ್ದರೆ ಉಕ್ಕಿನಲ್ಲಿ ಮಾಡುತ್ತಿದ್ದರು, ಉಕ್ಕು ದುಬಾರಿಯಾಗಿ ಕೂಲಿ ಅಗ್ಗವಾಗಿದ್ದ ನಮ್ಮಲ್ಲಿ ಕಾಂಕ್ರೀಟನ್ನು ಕೈಯಿಂದಲೇ ಎರಕ ಹೊಯ್ದರು. ಸ್ವಾತಂತ್ರ್ಯದ 25ನೆಯ ವರ್ಷದಲ್ಲಿ ಎದ್ದ ಅದನ್ನು 2017ರ ಏಪ್ರಿಲ್‌ನಲ್ಲಿ, ಪರಂಪರೆ ಎನಿಸಿಕೊಳ್ಳುವಷ್ಟು ವಯಸ್ಸಾಗಿಲ್ಲವೆಂಬ ನಿಲುವಿನ ಆಸರೆಯಲ್ಲಿ, ರಾತ್ರೋರಾತ್ರಿ ಕೆಡವಲಾಯಿತು.

ಚಂಡೀಗಢಕ್ಕೆ ಕೊಟ್ಟ ಅತಿ ದೊಡ್ಡ ಕಲಾ ಪ್ರತಿಕ್ರಿಯೆ ನನ್ನ ದೃಷ್ಟಿಯಲ್ಲಿ ಯಾವ ಗ್ಯಾಲರಿಯಲ್ಲಿಯೂ ಇಲ್ಲ. ಅದು ಕ್ಯಾಪಿಟಲ್ ಸಂಕೀರ್ಣದ ನೆರೆಯಲ್ಲೇ ಇರುವ ರಾಕ್ ಗಾರ್ಡನ್. ವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ ಚೂರು, ಹಳೆಯ ಸ್ವಿಚ್ಚು, ಕಲ್ಲುಗಳನ್ನು ಸೈಕಲ್ಲಿನ ಮೇಲೆ ತಂದು, ಕಟ್ಟಡ ಕಟ್ಟಬಾರದೆಂದು ಮೀಸಲಿಟ್ಟ ಕಾಡಿನಲ್ಲಿ 1950ರ ದಶಕದ ಕೊನೆಯಿಂದ ಗುಟ್ಟಾಗಿ ಒಂದು ಲೋಕವನ್ನೇ ಕಟ್ಟಿದರು. 1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕೆಡವುವ ಮಾತು ಬಂದರೂ ಜನಾಭಿಪ್ರಾಯ ಅದನ್ನು ಉಳಿಸಿತು. 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನೇರ ಗೆರೆಗಳ ನಗರದಲ್ಲಿ ಅಂಕುಡೊಂಕಿನ, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲುಗಳ ಈ ತೋಟವನ್ನು ನೋಡದೆ ಚಂಡೀಗಢದ ಬಗೆಗಿನ ಯಾವ ಕೃತಿಯನ್ನೂ ತೂಗಬಾರದು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರ 2006ರ ‘ಡಾರ್ಕ್‌ರೂಮ್’ ಕೂಡ ಇದೇ ಸಾಲಿಗೆ ಸೇರುತ್ತದೆ. ರಸ್ತೆ ಕೆಲಸದವರು ತಗಡಾಗಿ ತಟ್ಟಿ ಗುಡಿಸಲು ಮಾಡಿಕೊಳ್ಳುವ ಡಾಂಬರು ಡ್ರಮ್ಮುಗಳಿಂದಲೇ ಅದು ಆಗಿದೆ. ಹೊರಗೆ ಡ್ರಮ್ಮುಗಳನ್ನು ಒಂದರ ಮೇಲೊಂದಿಟ್ಟ ಸಾಲು ಹಳೆಯ ಬಂಗಲೆಯ ಕಂಬಗಳಂತೆ ನಿಂತಿದೆ. ಒಳಗೆ ಬಗ್ಗಿ ಹೋದರೆ ತೂತುಗಳಿಂದ ಬರುವ ಬೆಳಕು ಚುಕ್ಕಿಗಳ ಆಕಾಶವಾಗುತ್ತದೆ.

ಹಾಳು ಕಟ್ಟಡದ ಸೊಬಗು

ಒಂದು ಎಚ್ಚರಿಕೆಯ ಮಾತು. ಪಾಚಿ ಹಿಡಿದ ಕಾಂಕ್ರೀಟ್, ಖಾಲಿ ಸಭಾಂಗಣ, ಧೂಳು ತುಂಬಿದ ಮೆಟ್ಟಿಲು ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತವೆ. ಆದರೆ ಚಂಡೀಗಢದ ಹೈಕೋರ್ಟಿನಲ್ಲಿ ಇಂದಿಗೂ ವಕೀಲರು ಓಡಾಡುತ್ತಾರೆ, ಕಕ್ಷಿಗಾರರು ಕಾಯುತ್ತಾರೆ. ಬಳಕೆಯಲ್ಲಿರುವ ಕಟ್ಟಡವನ್ನು ಜನರಿಲ್ಲದ ಹೊತ್ತಿನಲ್ಲಿ ಹಿಡಿದು ಸತ್ತ ಕನಸೆಂದು ತೋರಿಸುವ ಕೃತಿಯನ್ನು ಅನುಮಾನದಿಂದಲೇ ನೋಡಬೇಕು. ಢಾಕಾದಲ್ಲಿ ಬೆಳೆದ ನಯೀಮ್ ಮೊಹೈಮೆನ್ 2017ರಲ್ಲಿ ಮಾಡಿದ, ಮೂರು ಪರದೆಗಳ ‘ಟೂ ಮೀಟಿಂಗ್ಸ್ ಅಂಡ್ ಎ ಫ್ಯೂನರಲ್’ ಚಿತ್ರದಲ್ಲಿಯೂ ಖಾಲಿ ಸಭಾಂಗಣಗಳಿವೆ. ಬ್ರೆಜಿಲ್‌ನ ವಾಸ್ತುಶಿಲ್ಪಿ ಆಸ್ಕರ್ ನೀಮಯರ್ ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನಲ್ಲಿ ಕಟ್ಟಿದ ಕ್ರೀಡಾಂಗಣವೂ ಇದೆ. ಆದರೆ ಅಲ್ಲಿ ಇತಿಹಾಸಕಾರ ವಿಜಯ್ ಪ್ರಶಾದ್ ಮೊದಲಾದವರು ನಡೆದಾಡುತ್ತ ಮಾತಾಡುತ್ತಾರೆ, ಪಕ್ಕದ ಪರದೆಯಲ್ಲಿ ಅದೇ ನಗರದಲ್ಲಿ ನಡೆದ 1973ರ ಅಲಿಪ್ತ ರಾಷ್ಟ್ರಗಳ ಶೃಂಗಸಭೆಯ ಹಳೆಯ ದೃಶ್ಯಗಳು ಓಡುತ್ತವೆ, ಹಾಗಾಗಿ ಖಾಲಿತನಕ್ಕೆ ಕಾರಣ ಕೇಳದೆ ಇರಲಾಗುವುದಿಲ್ಲ.

ಬೆಂಗಳೂರಿನಲ್ಲಿ ಅಭ್ಯಾಸ

ಕಣ್ಣನ್ನು ಪಳಗಿಸಲು ಚಂಡೀಗಢಕ್ಕೇ ಹೋಗಬೇಕಾಗಿಲ್ಲ. ನಾಜ಼ಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ವಿನ್ಯಾಸ ಮಾಡಿದ ಕಟ್ಟಡಗಳಿವೆ, ಮುಂದೆ ಭುವನೇಶ್ವರದ ನಗರ ಯೋಜನೆಯೂ ಅವರದೇ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ವಾಸ್ತುಶಿಲ್ಪಿ ಬಿ. ವಿ. ದೋಶಿ, ಲೆ ಕಾರ್ಬೂಸಿಯೆ ಬಳಿ ಕಲಿತದ್ದನ್ನು ಒರಟು ಬೆಣಚುಕಲ್ಲಿನ ಗೋಡೆ ಮತ್ತು ಬಳ್ಳಿ ಹಬ್ಬಿದ ಉದ್ದನೆಯ ಪಡಸಾಲೆಗಳಲ್ಲಿ ಹೇಗೆ ಬದಲಿಸಿಕೊಂಡರು ಎಂಬುದನ್ನು ನೋಡಬಹುದು. ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು, ಮುಂಚಿತವಾಗಿ ಪ್ರವೇಶದ ಅನುಮತಿ ಪಡೆದು, ಬೆಳಗ್ಗೆ ಒಮ್ಮೆ, ಕೆಲಸದವರು ಮನೆಗೆ ಹೊರಡುವ ಸಂಜೆ ಇನ್ನೊಮ್ಮೆ ಹೋಗಿ. ನಕ್ಷೆಯಲ್ಲಿ ಇಲ್ಲದ್ದು ಏನೇನು ಸೇರಿಕೊಂಡಿದೆ ಎಂದು ಪಟ್ಟಿ ಮಾಡಿ: ಕಿಟಕಿಗೆ ಹೊಡೆದ ತಗಡು, ಗೋಡೆಯ ಮೇಲೆ ಹಾದುಹೋದ ಎಸಿ ಪೈಪು, ನೆರಳಿದ್ದಲ್ಲಿ ಸೆಕ್ಯುರಿಟಿಯವರು ಎಳೆದುಕೊಂಡ ಕುರ್ಚಿ, ಮೆಟ್ಟಿಲ ಕೆಳಗಿನ ಚಹಾದ ಫ್ಲಾಸ್ಕು. ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ಕೆಲಸ ಮಾಡಿದವರೊಬ್ಬರನ್ನು ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ಎಲ್ಲಿ ತಂಪಿರುತ್ತದೆ ಎಂದು ಕೇಳಿದರೆ ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಸಿಗದ ಉತ್ತರ ಸಿಗುತ್ತದೆ. ಈ ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು, ಕಟ್ಟಡವನ್ನು ವಸ್ತುವಾಗಿಸಿದ ಮುಂದಿನ ಪ್ರದರ್ಶನಕ್ಕೆ ಹೋದಾಗ, ಕಲಾವಿದರು ಇವುಗಳಲ್ಲಿ ಯಾವುದನ್ನು ಚೌಕಟ್ಟಿನೊಳಗೆ ಬಿಟ್ಟುಕೊಂಡಿದ್ದಾರೆ, ಯಾವುದನ್ನು ಗುಡಿಸಿ ಹೊರಹಾಕಿದ್ದಾರೆ ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳಿ.